ಪ್ಲಾಸ್ಟರ್ ಕೈ, ಲಕ್ಷದ್ವೀಪದ ಹಡಗು

ಪ್ಲಾಸ್ಟರ್ ಹಾಕಿದ ಕೈಗೆ ಆಗಬಾರದ್ದು ಎರಡು. ಒಂದು ನೀರು, ಇನ್ನೊಂದು ಮತ್ತೆ ಬೀಳುವುದು. ಹಡಗಿನ ಪ್ರವಾಸದಲ್ಲಿ ಎರಡಕ್ಕೂ ಬರವಿಲ್ಲ: ಸುತ್ತ ಕಡಲು, ಕಾಲಡಿಯಲ್ಲಿ ತೂಗಾಡುವ ನೆಲ. ಹಾಗಾಗಿ ರಜೆಗೆಂದು ಹಡಗಿನ ಟಿಕೆಟ್ ಮಾಡಿಸಿಟ್ಟ ಮನೆಯಲ್ಲಿ ಮಗು ಕೈ ಮುರಿದುಕೊಂಡರೆ ಮೊದಲು ಬರುವ ಮಾತು ‘ಈ ಸಲ ಬೇಡ’ ಎಂದೇ. ಈ ಮಾತು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಮುರಿದು ಎಷ್ಟು ದಿನವಾಯಿತು, ಹಡಗು ಹತ್ತಿಳಿಯುವ ಬಗೆ ಯಾವುದು, ಮಗು ಎಂಥದ್ದು ಎಂಬ ಮೂರು ಸಂಗತಿಗಳು ತೀರ್ಮಾನಿಸುತ್ತವೆ. ಮಂಗಳೂರಿನ ಒಂದು ಕುಟುಂಬ ಕ್ರಿಸ್‌ಮಸ್ ರಜೆಯಲ್ಲಿ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗಿಬಂದ ಕಥೆ ಈ ಮೂರನ್ನೂ ಒರೆಗೆ ಹಚ್ಚುತ್ತದೆ. ತಂದೆ, ತಾಯಿ, ಅಜ್ಜಿ, ಒಂಬತ್ತು ವರ್ಷದ ಹುಡುಗಿ. ಹುಡುಗಿಯ ಎಡ ಮುಂಗೈಗೆ ಪ್ಲಾಸ್ಟರ್.

ಹುಡುಗಿ ಬಿದ್ದದ್ದು ಅಂಗಳದ ಪೇರಳೆ ಮರದಿಂದ. ಬೀಳುವಾಗ ಯಾರೇ ಆಗಲಿ ಕೈ ಮುಂದೆ ಚಾಚುತ್ತಾರೆ. ಮೈಭಾರವೆಲ್ಲ ಅಂಗೈ ಮೇಲೆ ಬಂದು, ಮಣಿಕಟ್ಟಿನ ತುಸು ಮೇಲೆ ಮುಂಗೈಯ ಮೂಳೆ ಮುರಿಯುತ್ತದೆ. ಮಕ್ಕಳ ಮೂಳೆಮುರಿತಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ. ಮಕ್ಕಳ ಮೂಳೆ ಹಸಿ ಕೊಂಬೆಯ ಹಾಗೆ, ಪೂರ್ತಿ ತುಂಡಾಗದೆ ಒಂದು ಬದಿ ಸೀಳಿ ಇನ್ನೊಂದು ಬದಿ ಬಾಗಿ ಉಳಿಯುವುದುಂಟು. ಕೂಡಿಕೊಳ್ಳುವುದೂ ದೊಡ್ಡವರಿಗಿಂತ ಬೇಗ. ಆದರೆ ಮೊದಲ ಎರಡು ಮೂರು ದಿನ ಊತ ಏರುತ್ತಲೇ ಇರುತ್ತದೆ. ಸುತ್ತ ಗಟ್ಟಿ ಪ್ಲಾಸ್ಟರ್ ಇದ್ದರೆ ಊತಕ್ಕೆ ಜಾಗವಿಲ್ಲದೆ ರಕ್ತ ಓಡಾಟ ಕಟ್ಟಿಕೊಳ್ಳುವ ಅಪಾಯವಿದೆ. ಈ ಕಾರಣಕ್ಕೇ ವಿಮಾನ ಕಂಪನಿಗಳು ಸಾಮಾನ್ಯವಾಗಿ ಹೊಸ ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ಪ್ರಯಾಣದ ಉದ್ದ ನೋಡಿ 24 ಅಥವಾ 48 ಗಂಟೆ ಕಾಯಲು ಹೇಳುತ್ತವೆ, ಇಲ್ಲವೇ ಪ್ಲಾಸ್ಟರನ್ನು ಉದ್ದಕ್ಕೂ ಸೀಳಿಸಿಕೊಂಡು ಬರಲು ಹೇಳುತ್ತವೆ. ಹಡಗಿನಲ್ಲಿ ಗಾಳಿಯ ಒತ್ತಡದ ತಾಪತ್ರಯವಿಲ್ಲ. ಅಲ್ಲಿನ ತೊಂದರೆ ಆಸ್ಪತ್ರೆಯ ದೂರ.

ಒಂದು ವಾರ ಕಳೆದ ಮೇಲೆ ಎರಡನೆಯ ಎಕ್ಸ್‌ರೇ ತೆಗೆಸಿ ಮೂಳೆ ಜಾಗ ತಪ್ಪಿಲ್ಲವೆಂದು ವೈದ್ಯರು ಖಚಿತಪಡಿಸಿದರು. ಹಡಗು ಹೊರಡುವ ಹೊತ್ತಿಗೆ ಮುರಿತಕ್ಕೆ ಮೂರನೆಯ ವಾರ. ಅಷ್ಟರಲ್ಲಿ ಮುರಿದೆಡೆಯ ಸುತ್ತ ಹೊಸ ಮೂಳೆಯ ಗಂಟು ಕಟ್ಟಲು ಶುರುವಾಗಿರುತ್ತದೆ, ಊತ ಇಳಿದಿರುತ್ತದೆ. ಮೊದಲು ಹಾಕಿದ್ದ ಬಿಳಿ ಪ್ಲಾಸ್ಟರ್ ತೆಗೆದು ಹಗುರವಾದ ನೀಲಿ ಫೈಬರ್‌ಗ್ಲಾಸ್ ಪಟ್ಟಿ ಸುತ್ತಿದರು. ಫೈಬರ್‌ಗ್ಲಾಸ್ ಹಾಕಿಸಿದರೆ ನೀರಿಗಿಳಿಯಬಹುದೆಂದು ಅನೇಕರು ತಿಳಿದಿದ್ದಾರೆ. ಅದು ಅರ್ಧ ಸತ್ಯ. ಹೊರಪಟ್ಟಿ ನೀರಿಗೆ ಕರಗುವುದಿಲ್ಲ, ನಿಜ. ಒಳಗಿರುವ ಹತ್ತಿ ಮಾತ್ರ ನೀರು ಹೀರಿಕೊಂಡು ಒಣಗದೆ ಉಳಿದು ಚರ್ಮವನ್ನು ಬೆಳ್ಳಗೆ ನೆನೆಸಿ ಹುಣ್ಣಾಗಿಸುತ್ತದೆ. ನೀರು ತಡೆಯುವ ವಿಶೇಷ ಒಳಪದರ ಹಾಕಿದ್ದರಷ್ಟೇ ಒದ್ದೆಯಾಗಬಹುದು, ಅದೂ ಸಿಹಿನೀರಿನಲ್ಲಿ. ಸಮುದ್ರದ ನೀರಿನ ಉಪ್ಪು, ದಂಡೆಯ ಮರಳು ಎರಡೂ ಒಳಗೆ ಸೇರಿದರೆ ತುರಿಕೆ ತಡೆಯಲಾಗುವುದಿಲ್ಲ. ತುರಿಕೆಗೆ ಸ್ಕೇಲು, ಪೆನ್ಸಿಲು ತೂರಿಸುವ ಮಕ್ಕಳು ಒಳಗೆ ಗಾಯ ಮಾಡಿಕೊಳ್ಳುವುದೂ ಹೀಗೆಯೇ.

ಬ್ಯಾಗಿಗೆ ಎಕ್ಸ್‌ರೇ, ವೈದ್ಯರ ಚೀಟಿ, ಕೈಗೆ ತೊಡಿಸುವ ರಬ್ಬರ್ ಬಾಯಿಯ ಕವಚ, ಕುತ್ತಿಗೆಗೆ ಹಾಕುವ ಜೋಳಿಗೆ ಪಟ್ಟಿ, ಜ್ವರ-ನೋವಿನ ಮಾತ್ರೆ, ವೈದ್ಯರು ಬರೆದುಕೊಟ್ಟ ವಾಂತಿ ಮಾತ್ರೆ ಸೇರಿದವು. ಅಜ್ಜಿ ತನ್ನ ಲೆಕ್ಕದಲ್ಲಿ ನಿಂಬೆಹಣ್ಣು, ಉಪ್ಪು ಹಾಕಿ ಒಣಗಿಸಿದ ಶುಂಠಿ ಕಟ್ಟಿಕೊಂಡರು. ಹಡಗಿನಲ್ಲಿ ಹೆಚ್ಚು ಖರ್ಚಾದದ್ದು ಅಜ್ಜಿಯ ಪೊಟ್ಟಣವೇ.

ಮಂಗಳೂರಿನವರಿಗೆ ಲಕ್ಷದ್ವೀಪ ಪರದೇಶವಲ್ಲ. ಅಮಿನಿ, ಕಡಮತ್ತ್, ಕಿಲ್ತಾನ್, ಚೆಟ್ಲತ್, ಬಿತ್ರ ದ್ವೀಪಗಳು 1787ರಲ್ಲಿ ಕಣ್ಣೂರಿನ ಅರಕ್ಕಲ್ ಮನೆತನದ ಕೈಯಿಂದ ಟಿಪ್ಪುವಿನ ಕೈಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಅವನ್ನು ಕೆನರಾಕ್ಕೆ ಸೇರಿಸಿ ಮಂಗಳೂರಿನಿಂದ ಆಳಿದರು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವಾಗುವ ತನಕ ಅವು ದಕ್ಷಿಣ ಕನ್ನಡ ಜಿಲ್ಲೆಯ ಭಾಗವೇ. ಅಲ್ಲಿಂದ ತೆಂಗಿನ ನಾರು, ಕೊಬ್ಬರಿ ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಈಗಲೂ ಹಳೆ ಬಂದರಿನಲ್ಲಿ ತರಕಾರಿ, ಜಲ್ಲಿ, ಸಿಮೆಂಟು ತುಂಬಿಕೊಂಡ ಮಂಜಿ ದೋಣಿಗಳು ಲಕ್ಷದ್ವೀಪದತ್ತ ಹೊರಡುವುದನ್ನು ಕಾಣಬಹುದು. ಪ್ರವಾಸಿಗರ ಹಡಗು ಮಾತ್ರ ಕೊಚ್ಚಿಯದು, ಅದು ಹೋಗುವುದೂ ಬೇರೆ ಮೂರು ದ್ವೀಪಗಳಿಗೆ: ಕವರತ್ತಿ, ಕಲ್ಪೇನಿ, ಮಿನಿಕಾಯ್. ಹಾಗಾಗಿ ಕುಟುಂಬ ರಾತ್ರಿಯ ರೈಲು ಹಿಡಿಯಿತು. ಕೆಳ ಬರ್ತಿನಲ್ಲಿ ದಿಂಬಿನ ಮೇಲೆ ಕೈ ಎತ್ತರಿಸಿಟ್ಟು ಮಲಗುವ ಅಭ್ಯಾಸ ರೈಲಿನಲ್ಲೇ ಆಯಿತು.

ಕೊಚ್ಚಿಯ ಹಡಗುಕಟ್ಟೆ ಇರುವ ವಿಲಿಂಗ್ಡನ್ ದ್ವೀಪವೇ ಮನುಷ್ಯ ಮಾಡಿದ್ದು. ಬಂದರು ಆಳಗೊಳಿಸಲು ಹಿನ್ನೀರಿನಿಂದ ತೆಗೆದ ಹೂಳನ್ನು ಸುರಿದು ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರ್ ಕಟ್ಟಿಸಿದ್ದು. ಲಕ್ಷದ್ವೀಪಕ್ಕೆ ಹೋಗಲು ಮೊದಲೇ ಪರವಾನಗಿ ಬೇಕು, ಸಾಮಾನು ಯಂತ್ರದಡಿ ಹಾಯಬೇಕು. ತಪಾಸಣೆಯ ಹೆಂಗಸು ಹುಡುಗಿಯ ನೀಲಿ ಕೈಯನ್ನು ಒಮ್ಮೆ ತಟ್ಟಿ ನೋಡಿ, ಚೀಟಿ ಓದಿ ಮುಂದೆ ಕಳುಹಿಸಿದಳು. ಹಡಗು ಅಳಿವೆ ದಾಟುವಾಗ ಒಂದು ಬದಿ ಫೋರ್ಟ್ ಕೊಚ್ಚಿಯ ಚೀನಾ ಬಲೆಗಳು, ಇನ್ನೊಂದು ಬದಿ ವೈಪಿನ್. ದಡ ಹಿಂದಾಗುತ್ತಲೇ ನೀರಿನ ಬಣ್ಣ ಮಣ್ಣಿನಿಂದ ಹಸಿರಿಗೆ, ಹಸಿರಿನಿಂದ ಗಾಢ ನೀಲಿಗೆ ತಿರುಗಿತು.

ಸಿಂಗಪುರದ, ಕೆರಿಬಿಯನ್ ಕಡಲಿನ ವಿಹಾರದ ಹಡಗುಗಳಲ್ಲಿ ಈಜುಕೊಳ, ಜಾರುಬಂಡೆ, ಹತ್ತುವ ಗೋಡೆ ಎಲ್ಲವೂ ಇರುತ್ತವೆ. ಪ್ಲಾಸ್ಟರ್ ಹಾಕಿದ ಮಗುವಿಗೆ ಅವುಗಳಲ್ಲಿ ಬಹುಪಾಲು ನಿಷಿದ್ಧ. ಉಳಿದ ಮಕ್ಕಳು ನೀರಿನಲ್ಲಿ ಕುಣಿಯುವುದನ್ನು ದಡದಲ್ಲಿ ಕೂತು ನೋಡುವ ಶಿಕ್ಷೆ ದಿನವಿಡೀ. ಲಕ್ಷದ್ವೀಪದ ಹಡಗಿನಲ್ಲಿ ಅಂಥದ್ದೇನೂ ಇಲ್ಲ. ಎಂ.ವಿ. ಕವರತ್ತಿಯಂಥ ಹಡಗು 700 ಜನರನ್ನು ಒಯ್ಯುವುದು ಮುಖ್ಯವಾಗಿ ದ್ವೀಪವಾಸಿಗಳಿಗಾಗಿ. ಪ್ರವಾಸಿಗರು ಅದರೊಳಗೆ ಒಂದು ಪಾಲು. ಅದು ದ್ವೀಪದವರ ಬಸ್ಸು, ಅವರ ಆಂಬುಲೆನ್ಸು, ಅವರ ದಿನಸಿ ಗಾಡಿ. ಮಕ್ಕಳ ಮನರಂಜನೆಗೆ ಉಳಿಯುವುದು ಡೆಕ್ಕು, ಗಾಳಿ, ಹಾರುಮೀನು ಮತ್ತು ಜನ. ಇವುಗಳಲ್ಲಿ ಯಾವುದಕ್ಕೂ ಎರಡು ಕೈ ಬೇಕಿಲ್ಲ.

ಎರಡು ಕೈ ಬೇಕಾಗುವುದು ನಡೆಯಲು. ಹಡಗಿನ ಬಾಗಿಲುಗಳಿಗೆ ನೀರು ಒಳನುಗ್ಗದಂತೆ ಎತ್ತರದ ಹೊಸ್ತಿಲು, ಏಣಿಯಷ್ಟೇ ಕಡಿದಾದ ಮೆಟ್ಟಿಲು, ಉದ್ದಕ್ಕೂ ಕಂಬಿ. ಮೆಟ್ಟಿಲಿಳಿಯುವಾಗ ಹುಡುಗಿ ತಡವರಿಸುವುದನ್ನು ಕಂಡ ಹಡಗಿನ ಕೆಲಸಗಾರನೊಬ್ಬ ಬಂದು ಅವಳನ್ನು ಹಿಂದುಮುಂದಾಗಿ ತಿರುಗಿಸಿ ನಿಲ್ಲಿಸಿದ. ಮೇಲೆ ಹೋಗುವಾಗ ಬಲಗೈಗೆ ಸಿಕ್ಕಿದ ಕಂಬಿ ಕೆಳಗಿಳಿಯುವಾಗ ಎಡಗೈ ಕಡೆ ಬರುತ್ತದೆ. ಮೆಟ್ಟಿಲಿಗೆ ಮುಖ ಮಾಡಿ ಇಳಿದರೆ ಅದೇ ಕಂಬಿ ಮತ್ತೆ ಬಲಗೈಗೆ. ನಾವಿಕರು ಕಡಿದಾದ ಏಣಿ ಇಳಿಯುವುದೂ ಹೀಗೆಯೇ. ಆಮೇಲೆ ಆ ಹುಡುಗಿ ಯಾವ ಮೆಟ್ಟಿಲನ್ನೂ ಮುಖ ಮುಂದಾಗಿ ಇಳಿಯಲಿಲ್ಲ.

ಕಡಲು ಶಾಂತವಿತ್ತೆಂದು ಹಡಗಿನವರು ಹೇಳಿದರೂ ಹೊಟ್ಟೆ ಅದನ್ನು ಒಪ್ಪಲಿಲ್ಲ. ಕಣ್ಣು ಕ್ಯಾಬಿನ್ನಿನ ಗೋಡೆ ಅಲುಗುತ್ತಿಲ್ಲವೆಂದು ಹೇಳುತ್ತದೆ, ಒಳಗಿವಿ ಅಲುಗುತ್ತಿದೆ ಎನ್ನುತ್ತದೆ; ಈ ಜಗಳವೇ ಕಡಲುಬೇನೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಇದು ಹೆಚ್ಚು. ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಓಲಾಟ ಕಡಿಮೆ. ಮೇಲೆ ಹೋದರೆ ದಿಗಂತದತ್ತ ನೋಡುತ್ತ ನಿಲ್ಲಬೇಕು. ವಾಂತಿ ಬರುವ ಮಗುವಿಗೆ ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದರಲ್ಲಿ ಚೀಲ ಹಿಡಿಯಲಾಗದು, ಆದ್ದರಿಂದ ದೊಡ್ಡವರೊಬ್ಬರು ಪಕ್ಕದಲ್ಲೇ ಇರಬೇಕಾಯಿತು. ರಾತ್ರಿಯೂಟಕ್ಕೆ ಕುಚ್ಚಲಕ್ಕಿ ಅನ್ನ, ಸಾಂಬಾರು, ಮೀನು ಸಾರು. ಮನೆಯಲ್ಲಿ ತಿನ್ನುವುದೂ ಅದೇ ಆದ್ದರಿಂದ ಹುಡುಗಿಗೆ ಹೊಸದೇನೂ ಅನಿಸದೆ, ಶುಂಠಿ ಚೀಪುತ್ತ ನಾಲ್ಕು ತುತ್ತು ಒಳಗೆ ಹೋಯಿತು.

ಆ ರಾತ್ರಿ ಕೆಳಗಿನ ಬಂಕುಗಳ ಕೋಣೆಯಲ್ಲಿ ಇನ್ನೊಂದು ಪ್ಲಾಸ್ಟರ್ ಇತ್ತು. ದ್ವೀಪದ ಹುಡುಗ, ಐದು ವರ್ಷದೊಳಗಿನವನು. ತೊಡೆಮೂಳೆ ಮುರಿದು ಸೊಂಟದಿಂದ ಪಾದದವರೆಗೆ ಬಿಳಿ ಕಟ್ಟು. ಕೊಚ್ಚಿಯಲ್ಲಿ ಚಿಕಿತ್ಸೆ ಮುಗಿಸಿ ಊರಿಗೆ ಹಿಂದಿರುಗುತ್ತಿದ್ದ. ಕೂರಲಾಗದು, ಮಗ್ಗುಲಾಗಲು ಇಬ್ಬರು ಬೇಕು. ಅವನ ತಾಯಿ ಹುಡುಗಿಯ ಕೈ ನೋಡಿ ತಾನಾಗಿಯೇ ಮಾತಿಗೆಳೆದಳು. ಅಜ್ಜಿ ಕಾಸರಗೋಡಿನ ಕಡೆಯವರಾದ್ದರಿಂದ ಮಲಯಾಳ ಬರುತ್ತಿತ್ತು. ಎಲ್ಲಿ ಬಿದ್ದಳು, ಎಷ್ಟು ವಾರ ಎಂದೆಲ್ಲ ಕೇಳಿದ ಮೇಲೆ ಆಕೆ ಕೇಳಿದ್ದು ಒಂದೇ: ‘ಕೊಚ್ಚಿಯಲ್ಲಿ ತೋರಿಸಿ ಬಂದಿರಾ?’ ಇಲ್ಲ, ದ್ವೀಪ ನೋಡಲು ಹೋಗುತ್ತಿದ್ದೇವೆ ಎಂದರು ಅಜ್ಜಿ. ಆಕೆ ನಕ್ಕು, ‘ಆಯಿತು, ನಮ್ಮಲ್ಲಿಗೆ ಬನ್ನಿ’ ಎಂದಳು. ಆ ನಗುವಿನಲ್ಲಿ ಕುಹಕವಿರಲಿಲ್ಲ.

ಕ್ಯಾಬಿನ್ನಿಗೆ ಮರಳಿ ತಾಯಿ ಮೊಬೈಲ್ ಬೆಳಕಿನಲ್ಲಿ ಮಗಳ ಬೆರಳುಗಳನ್ನು ಒಂದೊಂದಾಗಿ ನೋಡಿದಳು. ಉಗುರು ಒತ್ತಿದಾಗ ಬೆಳ್ಳಗಾಗಿ, ಬಿಟ್ಟ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪೇರಬೇಕು. ಬೆರಳು ತಣ್ಣಗಾಗಿ ನೀಲಿಯಾಗುವುದು, ಜುಮ್ಮೆನ್ನುವುದು, ಮಾತ್ರೆಗೂ ಬಗ್ಗದ ನೋವು, ಬೆರಳು ಬಿಡಿಸಿದರೆ ಚೀರುವುದು ಇವು ಅಪಾಯದ ಗುರುತು. ಅವು ಕಂಡರೆ ಕೆಲವೇ ಗಂಟೆಗಳಲ್ಲಿ ಪ್ಲಾಸ್ಟರ್ ಬಿಚ್ಚಬೇಕಾಗುತ್ತದೆ. ಹಡಗಿನಲ್ಲಿ ವೈದ್ಯರಿದ್ದಾರೆ, ಕವರತ್ತಿಯಲ್ಲಿ ಇಂದಿರಾ ಗಾಂಧಿ ಆಸ್ಪತ್ರೆ ಇದೆ, ಕೈಮೀರಿದರೆ ಹೆಲಿಕಾಪ್ಟರ್ ಕೊಚ್ಚಿಗೆ ಒಯ್ಯುತ್ತದೆ. ಮಂಗಳೂರಿನಂತಹ ಊರಿನಿಂದ ಬಂದವರಿಗೆ ಇಷ್ಟು ಸಾಲದೆನಿಸುತ್ತದೆ, ಅಲ್ಲಿ ಕೂಗಳತೆಯಲ್ಲಿ ನಾಲ್ಕಾರು ಆಸ್ಪತ್ರೆಗಳು. 2011ರ ಜನಗಣತಿಯ ಪ್ರಕಾರ 64,473 ಜನರಿರುವ ದ್ವೀಪಸಮೂಹ ಮಾತ್ರ ಇದೇ ಏರ್ಪಾಡಿನಲ್ಲಿ ಹೆರುತ್ತದೆ, ಬೀಳುತ್ತದೆ, ಮುರಿದುಕೊಳ್ಳುತ್ತದೆ. ಪ್ರವಾಸಿಯ ನಾಲ್ಕು ದಿನದ ಅಳುಕು ಅಲ್ಲಿನವರ ವರ್ಷವಿಡೀ ಬದುಕು.

ಬೆಳಗಾದಾಗ ಕವರತ್ತಿ ತೆಂಗಿನ ತಲೆಗಳ ಒಂದು ಗೆರೆಯಾಗಿ ಕಂಡಿತು. ಈ ದ್ವೀಪಗಳು ಕಡಲಮಟ್ಟದಿಂದ ಕೆಲವೇ ಮೀಟರ್ ಎತ್ತರದವು. ಒಟ್ಟು 36 ದ್ವೀಪಗಳ ನೆಲವೆಲ್ಲ ಸೇರಿಸಿದರೆ 32 ಚದರ ಕಿಲೋಮೀಟರ್. ಸುತ್ತಲಿನ ಹವಳದ ದಿಬ್ಬ ಹಡಗನ್ನು ಹತ್ತಿರಕ್ಕೆ ಬಿಡುವುದಿಲ್ಲ. ಕೆಲವು ದ್ವೀಪಗಳ ಪೂರ್ವ ದಂಡೆಯಲ್ಲಿ ಈಗ ಜೆಟ್ಟಿಗಳಿದ್ದು ಅನುಕೂಲದ ಹವೆಯಲ್ಲಿ ಹಡಗು ನೇರ ಅಲ್ಲಿಗೇ ಬರುವುದುಂಟು. ಉಳಿದಂತೆ ಹಡಗು ಆಳದಲ್ಲಿ ನಿಲ್ಲುತ್ತದೆ, ದೋಣಿಗಳು ಬಂದು ಅದರ ಪಕ್ಕೆಗೆ ತಾಗುತ್ತವೆ, ಹಡಗಿನ ಹೊಟ್ಟೆಯ ಬಾಗಿಲು ತೆರೆಯುತ್ತದೆ. ಅಲ್ಲಿಂದ ದೋಣಿಗೆ ಕಾಲಿಡಬೇಕು.

ಹೇಳಿದಷ್ಟು ಸುಲಭವಲ್ಲ. ಅಲೆ ಬಂದಾಗ ದೋಣಿಯ ಅಂಚು ಬಾಗಿಲಿನ ಮಟ್ಟಕ್ಕೆ ಏರುತ್ತದೆ, ಮರುಕ್ಷಣ ಆಳೆತ್ತರ ಕೆಳಗೆ ಕುಸಿಯುತ್ತದೆ. ನಡುವಿನ ಸಂದಿಯಲ್ಲಿ ನೀರು ಬುಸುಗುಡುತ್ತಿರುತ್ತದೆ. ಬಾಗಿಲಲ್ಲಿ ಇಬ್ಬರು, ದೋಣಿಯಲ್ಲಿ ಇಬ್ಬರು ನಿಂತು ಪ್ರಯಾಣಿಕರ ರಟ್ಟೆ ಹಿಡಿದು ಏರಿಕೆಯ ತುದಿಗೆ ಕಾಯುತ್ತಾರೆ. ಸಮಯ ಬಂದಾಗ ‘ಬಾ’ ಎನ್ನುವುದೂ ಇಲ್ಲ, ಎಳೆದುಬಿಡುತ್ತಾರೆ. ಪ್ಲಾಸ್ಟರ್ ಹಾಕಿದ ಮಗುವಿನ ವಿಷಯದಲ್ಲಿ ಕುಟುಂಬ ಮೊದಲಿನಿಂದಲೂ ಅಂಜಿದ್ದು ಈ ಒಂದು ಹೆಜ್ಜೆಗೆ.

ಮೊದಲು ಹೋದದ್ದು ದ್ವೀಪದ ಆ ಹುಡುಗ. ಹಲಗೆಯಿರಲಿಲ್ಲ, ಸ್ಟ್ರೆಚರ್ ಇರಲಿಲ್ಲ. ಬಾಗಿಲಲ್ಲಿದ್ದವನು ಒಂದು ಕೈ ಬೆನ್ನಡಿಗೆ, ಇನ್ನೊಂದನ್ನು ಬಿಳಿ ಕಟ್ಟಿನಡಿಗೆ ಕೊಟ್ಟು ಮಗುವನ್ನು ಅಡ್ಡಲಾಗಿ ಎತ್ತಿದ, ದೋಣಿ ಏರಿತು, ಕೆಳಗಿದ್ದವನ ಎರಡು ತೋಳು ಅದೇ ಜಾಗಗಳಿಗೆ ಬಂದು ಸೇರಿದವು, ಮೇಲಿನವನು ಆಮೇಲೆ ಕೈ ತೆಗೆದ. ದೋಣಿ ಕುಸಿಯುವಷ್ಟರಲ್ಲಿ ಹುಡುಗ ಹಗ್ಗದ ಸುರುಳಿಯ ಪಕ್ಕದಲ್ಲಿ ಮಲಗಿ ಆಕಾಶ ನೋಡುತ್ತಿದ್ದ. ಹಿಂದಿನಿಂದ ಅವನ ತಾಯಿ ಯಾರ ಕೈಯನ್ನೂ ಹಿಡಿಯದೆ ದಾಟಿದಳು. ಹುಡುಗಿಯ ಸರದಿ ಬಂದಾಗ ದೋಣಿಯವನು ಅವಳ ಕೈಯನ್ನು ಮುಟ್ಟಲಿಲ್ಲ, ಕಂಕುಳಡಿ ಹಿಡಿದೆತ್ತಿ ಕೂರಿಸಿ ‘ಅಷ್ಟೇ ಮೋಳೇ’ ಎಂದು ಮುಂದಿನವರತ್ತ ತಿರುಗಿದ. ಆ ಕೈಗಳು ಬಸುರಿಯರನ್ನು, ಮುದುಕರನ್ನು, ಕೂಸುಗಳನ್ನು, ಗ್ಯಾಸ್ ಸಿಲಿಂಡರನ್ನು ಹೀಗೆಯೇ ದಾಟಿಸುತ್ತ ಬಂದಿವೆ. ಅಂಗವಿಕಲರಿಗೆ ಬೇಕಾದ ಇಳಿಜಾರು, ಲಿಫ್ಟು ಇಲ್ಲಿ ಇಲ್ಲ, ಇರಬೇಕಿತ್ತು. ಗಾಲಿಕುರ್ಚಿಯವರಿಗೆ ಈ ಪ್ರವಾಸ ಇವತ್ತಿಗೂ ದುಸ್ತರ. ಇರುವುದು ಪಳಗಿದ ಕೈ ಮಾತ್ರ. ಕಡಲು ಕೆರಳಿದ ದಿನ ಆ ಕೈಗಳೂ ಸೋಲುತ್ತವೆ, ಹಡಗು ಯಾರನ್ನೂ ಇಳಿಸದೆ ಮುಂದೆ ಹೋಗುತ್ತದೆ.

ದಿಬ್ಬ ದಾಟಿ ಲಗೂನಿನೊಳಗೆ ಬಂದರೆ ಕಡಲು ಕೆರೆಯಾಗುತ್ತದೆ. ಕಾಲಡಿಯ ಮರಳು ಕಾಣುವಷ್ಟು ತಿಳಿ, ಸೊಂಟಮಟ್ಟದ ನೀರು. ಪಣಂಬೂರಿನ, ಉಳ್ಳಾಲದ ಅಬ್ಬರದ ತೆರೆ ನೋಡಿ ಬೆಳೆದ ಮಗುವಿಗೆ ಅಲೆಯಿಲ್ಲದ ಸಮುದ್ರ ನಂಬಲಾಗದ್ದು. ಉಳಿದ ಮಕ್ಕಳು ತೇಲುವ ಜಾಕೆಟ್ ಹಾಕಿಕೊಂಡು ಇಳಿದರು. ಹುಡುಗಿ ಒಂದಿಷ್ಟು ಹೊತ್ತು ಅತ್ತಳು, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ರಬ್ಬರ್ ಕವಚ ಸ್ನಾನಕ್ಕೆ, ಎರಚುವ ನೀರಿಗೆ ಸಾಕು. ಉಪ್ಪುನೀರಿನಲ್ಲಿ ಮುಳುಗಲು ಅದನ್ನು ನಂಬುವಂತಿಲ್ಲ. ಕವಚ ತೊಟ್ಟು, ಕೈ ಜೋಳಿಗೆಯಲ್ಲಿ ಎದೆಗೆ ಕಟ್ಟಿ, ಮೊಣಕಾಲಿನವರೆಗಷ್ಟೇ ಎಂದು ಗೆರೆ ಹಾಕಲಾಯಿತು. ಆ ಗೆರೆಯೊಳಗೆ ಕಡಲಸೌತೆಗಳು ಬಿದ್ದಿದ್ದವು, ಮರಿಮೀನುಗಳ ಹಿಂಡು ಕಾಲು ಸುತ್ತಿ ಹೋಗುತ್ತಿತ್ತು.

ಅವಳ ಪಾಲಿಗೆ ಬಂದದ್ದು ಗಾಜಿನ ತಳದ ದೋಣಿ. ಹಲಗೆಯ ಮೇಲೆ ಬೋರಲಾಗಿ ಮಲಗಿ ಗಾಜಿಗೆ ಮೂಗು ಒತ್ತಿದರೆ ಕೆಳಗೆ ಹವಳದ ಕಾಡು. ಗಿಣಿಮೀನು ಹವಳವನ್ನು ಕೊಕ್ಕಿನಂಥ ಬಾಯಿಯಲ್ಲಿ ಕೆರೆದು ತಿನ್ನುವುದು, ಚಿಟ್ಟೆಮೀನುಗಳು ಜೋಡಿಯಾಗಿ ಸುಳಿಯುವುದು ಎಲ್ಲ ಕಣ್ಣೆದುರಿಗೆ. ಈಜುವ ಮಕ್ಕಳು ನೀರು ಕಲಕಿ ಮರಳೆಬ್ಬಿಸಿ ಏನೂ ಕಾಣದೆ ಬಂದಿದ್ದರು. ದೋಣಿ ನಡೆಸುವವನು ಹುಡುಗಿಗಾಗಿ ಎರಡನೆಯ ಸುತ್ತು ಹೊಡೆದ. ಒಂದೆಡೆ ಬೂದು ಬಣ್ಣದ ಸತ್ತ ಹವಳ ಕಂಡಿತು. 1998, 2010, 2016ರಲ್ಲಿ ಕಡಲು ಬಿಸಿಯೇರಿ ಇಲ್ಲಿನ ಹವಳ ಬಿಳಿಚಿ ಬಹಳಷ್ಟು ಸತ್ತಿತು. 2024ರಲ್ಲೂ ಹಾಗೇ ಆಯಿತು.

ಮಧ್ಯಾಹ್ನದ ಊಟ ತೆಂಗಿನ ತೋಪಿನಡಿ. ಟ್ಯೂನಾ, ಅಂದರೆ ಮಂಗಳೂರಿನ ಕೇದರ, ಇಲ್ಲಿ ಹುರಿದೂ ಬರುತ್ತದೆ, ಸಾರಾಗಿಯೂ ಬರುತ್ತದೆ. ಮುಳ್ಳಿಲ್ಲದ ದಪ್ಪ ತುಂಡುಗಳಾದ್ದರಿಂದ ಒಂದೇ ಕೈಯಲ್ಲಿ ತಿನ್ನುವವರಿಗೆ ಬಂಗುಡೆಗಿಂತ ಇದೇ ವಾಸಿ. ಪಕ್ಕದಲ್ಲಿ ಬೊಂಡದ ರಾಶಿ, ಬೆಲ್ಲ-ತೆಂಗಿನ ತುರಿಯ ಉಂಡೆ. ಹಿತ್ತಿಲುಗಳಲ್ಲಿ ದೀಗುಜ್ಜೆ ಮರ ಕಂಡು ಅಜ್ಜಿಗೆ ಊರಿಗೇ ಬಂದಂತಾಯಿತು. ಅದು ಲಕ್ಷದ್ವೀಪದ ಅಧಿಕೃತ ಮರವೂ ಹೌದು. ಬೆವರು, ಉಪ್ಪು ಒರೆಸಲು ಒಂದು ಚೊಂಬು ಸಿಹಿನೀರು ಕೇಳಿದಾಗ ಅದರ ಬೆಲೆ ತಿಳಿಯಿತು. ಇಲ್ಲಿ ನದಿಯಿಲ್ಲ, ಹಳ್ಳವಿಲ್ಲ. ಮರಳಿನಡಿ ಉಪ್ಪುನೀರಿನ ಮೇಲೆ ತೆಳುವಾಗಿ ನಿಂತ ಮಳೆನೀರೇ ಬಾವಿಯ ನೀರು. 2005ರಲ್ಲಿ ಕವರತ್ತಿಯಲ್ಲಿ ಕಡಲಿನ ಮೇಲ್ಪದರದ ಬೆಚ್ಚನೆ ನೀರನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ, ಆಳದಿಂದ ಎಳೆದ ತಣ್ಣೀರಿನಿಂದ ಅದನ್ನು ತಂಪುಗೊಳಿಸಿ ದಿನಕ್ಕೆ ಒಂದು ಲಕ್ಷ ಲೀಟರ್ ಕುಡಿಯುವ ನೀರು ತೆಗೆಯುವ ಘಟಕ ಶುರುವಾಯಿತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಊರಿನಿಂದ ಬಂದವರಿಗೆ ಚೊಂಬಿನ ಕೊನೆಯ ಹನಿಯವರೆಗೆ ಬಟ್ಟೆ ಅದ್ದಿ ಒರೆಸುವುದು ಹೊಸ ಪಾಠ.

ಕಲ್ಪೇನಿಯ ಪೂರ್ವ ದಂಡೆಯಲ್ಲಿ ಮರಳಿಗಿಂತ ಹೆಚ್ಚು ಹವಳದ ಚೂರು. 1847ರ ಭಾರಿ ಬಿರುಗಾಳಿ ಕಡಲತಳದಿಂದ ಕಿತ್ತೆಸೆದ ಹವಳದ ಗುಡ್ಡೆ ಇಂದಿಗೂ ಅಲ್ಲಿದೆ. ಬೆರಳಿನಷ್ಟು ದಪ್ಪದ ಬಿಳಿ ತುಂಡುಗಳು ಹೆಜ್ಜೆಯಿಟ್ಟಲ್ಲಿ ಮಣ್ಣಿನ ಹೆಂಚಿನ ಚೂರಿನಂತೆ ಕಿಣಿಕಿಣಿ ಎನ್ನುತ್ತವೆ. ಹುಡುಗಿ ಒಂದನ್ನು ಎತ್ತಿ ಮುರಿದ ಮುಖ ನೋಡಿದಳು: ತುಂಬ ಸಣ್ಣ ಸಣ್ಣ ತೂತು. ಹವಳ ಕ್ಯಾಲ್ಸಿಯಂ ಕಾರ್ಬೊನೇಟ್, ಮೂಳೆ ಮುಖ್ಯವಾಗಿ ಕ್ಯಾಲ್ಸಿಯಂ ಫಾಸ್ಫೇಟ್. ಒಳಗಿನ ತೂತುಗಳ ಕಟ್ಟಡ ಮಾತ್ರ ಎಷ್ಟು ಹತ್ತಿರವೆಂದರೆ ಸಂಸ್ಕರಿಸಿದ ಹವಳವನ್ನು ಮೂಳೆಯ ಖಾಲಿ ಜಾಗ ತುಂಬಲು ಶಸ್ತ್ರವೈದ್ಯರು ಬಳಸಿದ್ದಾರೆ. ಮಗುವಿನ ಮುಂಗೈ ಕೂಡಲು ನಾಲ್ಕಾರು ವಾರ ಸಾಕು. ಗುಂಡುಬಂಡೆಯಂಥ ಹವಳ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಅದರ ಮೇಲೆ ಒಬ್ಬ ಪ್ರವಾಸಿ ಕಾಲಿಟ್ಟು ಮುರಿದದ್ದು ಅವನ ಮಕ್ಕಳ ಕಾಲಕ್ಕೂ ಮುರಿದೇ ಇರಬಹುದು. ಹವಳವನ್ನು, ಸತ್ತದ್ದನ್ನು ಕೂಡ, ಒಯ್ಯುವಂತಿಲ್ಲ; ವನ್ಯಜೀವಿ ರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹವಳವಿದೆ. ತುಂಡು ಎತ್ತಿದ ಜಾಗಕ್ಕೇ ಮರಳಿತು.

ಮಿನಿಕಾಯ್ ಉಳಿದ ದ್ವೀಪಗಳಿಂದ ಒಂಬತ್ತನೆಯ ಡಿಗ್ರಿ ಕಾಲುವೆಯಾಚೆ, ಮಾಲ್ದೀವ್ಸಿನ ನೆರೆಯಲ್ಲಿದೆ. ಮಾತು ಮಹಲ್, ಅದು ಮಾಲ್ದೀವ್ಸಿನ ದಿವೇಹಿಯೇ. ಬರೆಯುವುದು ತಾನ ಲಿಪಿಯಲ್ಲಿ, ಬಲದಿಂದ ಎಡಕ್ಕೆ. ಹಿಡಿದ ಟ್ಯೂನಾವನ್ನು ಬೇಯಿಸಿ, ಹೊಗೆಯಿಟ್ಟು, ಬಿಸಿಲಿಗೆ ಒಣಗಿಸಿ ಮರದ ತುಂಡಿನಷ್ಟು ಗಟ್ಟಿಯಾದ ‘ಮಾಸ್’ ಮಾಡುತ್ತಾರೆ. ಮಲ್ಪೆಯ ಒಣಮೀನಿಗೆ ಒಗ್ಗಿದ ಮೂಗಿಗೂ ಹೊಗೆಯ ಈ ವಾಸನೆ ಬೇರೆ. ಊರಿನ ಗಂಡಸರಲ್ಲಿ ಬಹಳ ಮಂದಿ ಜಗತ್ತಿನ ಸರಕು ಹಡಗುಗಳಲ್ಲಿ ದುಡಿದವರು. ಅಂಥ ಒಬ್ಬ ನಿವೃತ್ತ ನಾವಿಕ ಹಳ್ಳಿಯ ದೋಣಿಮನೆಯ ಮುಂದೆ ಕೂತಿದ್ದರು. ಹುಡುಗಿಯ ಕೈ ನೋಡಿ ಅನುಕಂಪದ ಮಾತೇನೂ ಆಡಲಿಲ್ಲ, ಹಗ್ಗದ ತುಂಡು ತಂದರು.

ಕಲಿಸಿದ್ದು ಒಂದೇ ಕೈಯಲ್ಲಿ ಹಾಕುವ ಬೋಲೈನ್ ಗಂಟು. ಹಗ್ಗದ ಒಂದು ತುದಿ ಕಂಬಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ಅವಳ ಸೊಂಟ ಸುತ್ತಿಸಿ ಬಲಗೈಗೆ ಕೊಟ್ಟರು. ತುದಿಯನ್ನು ಮುಷ್ಟಿಯಲ್ಲಿ ಹಿಡಿದೇ ಬಿಗಿಯಾಗಿ ನಿಂತ ಹಗ್ಗದ ಮೇಲಿಂದ ಮಣಿಕಟ್ಟು ಮಗುಚಿದರೆ ಕೈಸುತ್ತ ಒಂದು ಕುಣಿಕೆ ಬೀಳುತ್ತದೆ. ಬೆರಳುಗಳಿಂದ ತುದಿಯನ್ನು ಬಿಗಿಹಗ್ಗದ ಹಿಂದೆ ತೂರಿಸಿ ಈಚೆ ಹಿಡಿದು ಕೈ ಹೊರಗೆಳೆದರೆ ಗಂಟು ತಯಾರು. ಜಗ್ಗಿದರೆ ಜಾರದು, ಬೇಕಾದಾಗ ಬಿಚ್ಚಲೂ ಬರುತ್ತದೆ. ಕಡಲಿಗೆ ಬಿದ್ದವನು ಒಂದು ಕೈಯಲ್ಲಿ ಏನನ್ನಾದರೂ ಹಿಡಿದಿರಲೇಬೇಕು, ಹಾಗಾಗಿ ಗಂಟಿಗೆ ಸಿಗುವುದು ಒಂದೇ ಕೈ ಎಂದರು ಮುರುಕು ಮಲಯಾಳದಲ್ಲಿ. ಅವರ ಮಣಿಕಟ್ಟೂ ಹಿಂದೆ ನಡುಗಡಲಿನಲ್ಲಿ ಮುರಿದಿತ್ತು, ಬಂದರು ಸಿಗುವವರೆಗೆ ಎರಡು ಪಟ್ಟಿ ಹಲಗೆ ಕಟ್ಟಿಕೊಂಡಿದ್ದರಂತೆ. ಅದು ಅರ್ಧ ಡೊಂಕಾಗಿಯೇ ಕೂಡಿಕೊಂಡಿತ್ತು. ಹುಡುಗಿಗೆ ಗಂಟು ಬರುವ ಹೊತ್ತಿಗೆ ಉಳಿದ ಮಕ್ಕಳೂ ಸುತ್ತ ನೆರೆದರು, ಅವರೂ ಎಡಗೈ ಬೆನ್ನ ಹಿಂದೆ ಕಟ್ಟಿಕೊಂಡು ಪ್ರಯತ್ನಿಸಿದರು.

1885ರಲ್ಲಿ ಕಟ್ಟಿದ, ಸುಮಾರು 50 ಮೀಟರ್ ಎತ್ತರದ ಮಿನಿಕಾಯ್ ದೀಪಸ್ತಂಭವನ್ನು ಅವಳು ಕಂಬಿ ಹಿಡಿದು ಹತ್ತಿದಳು, ಹಡಗಿನಲ್ಲಿ ಕಲಿತ ಹಾಗೆ ಹಿಂದುಮುಂದಾಗಿ ಇಳಿದಳು. ಮೇಲಿಂದ ದ್ವೀಪ ಬಾಗಿದ ಹಸಿರು ಪಟ್ಟಿ. ಒಂದು ಬದಿ ತಿಳಿಹಸಿರು ಲಗೂನು, ಇನ್ನೊಂದು ಬದಿ ಕಪ್ಪಿಟ್ಟ ಆಳ.

ಹಿಂದಿರುಗುವ ಹಡಗಿನಲ್ಲಿ ಕಾಲೇಜು ಹುಡುಗರು, ಪರೀಕ್ಷೆಗೆ ಹೊರಟವರು, ಕೊಚ್ಚಿಯ ಆಸ್ಪತ್ರೆಗೆ ಹೊರಟ ಮುದುಕರು ತುಂಬಿದ್ದರು. ಊರಿಗೆ ಬಂದು ಗಡುವಿಗೆ ಸರಿಯಾಗಿ ಪ್ಲಾಸ್ಟರ್ ಬಿಚ್ಚಿಸಿದಾಗ ಬೆರಳಿನ ಸಂದಿಯ ಹತ್ತಿಯಲ್ಲಿ ಚೂರು ಮರಳು ಸಿಕ್ಕಿತು, ಚರ್ಮ ಒಣಗಿ ಸುಲಿದಿತ್ತು, ಮೂಳೆ ನೇರವಾಗಿ ಕೂಡಿತ್ತು. ಮನೆಯವರ ಮಾತಿನಲ್ಲಿ ಇನ್ನೂ ಬರುವುದು ಹವಳವಲ್ಲ, ಲಗೂನಲ್ಲ. ಕೆಳಗಿನ ಕೋಣೆಯಲ್ಲಿ ಬಿಳಿ ಕಟ್ಟಿನೊಳಗೆ ಮಲಗಿದ್ದ ಆ ಹುಡುಗ. ಒಂದೇ ಹಡಗಿನಲ್ಲಿ ಒಬ್ಬಳಿಗೆ ಮುರಿದ ಮೂಳೆ ಪ್ರವಾಸದ ಅಡ್ಡಿ, ಇನ್ನೊಬ್ಬನಿಗೆ ಪ್ರಯಾಣದ ಕಾರಣ.

ಹಾಗಾದರೆ ಹೋಗಬಹುದೇ? ಮುರಿದು ಒಂದು ವಾರ ಕಳೆಯದಿದ್ದರೆ, ಮೂಳೆ ಜಾರುವ ಭಯವಿದ್ದರೆ, ಶಸ್ತ್ರಚಿಕಿತ್ಸೆಯಾಗಿ ಗಾಯ ಹಸಿಯಾಗಿದ್ದರೆ ಹೋಗಬಾರದು. ಕಾಲಿಗೆ ಪ್ಲಾಸ್ಟರ್ ಇದ್ದು ಊರುಗೋಲಿನ ಮಗುವಾದರೆ ದೋಣಿಗಿಳಿಸುವ ಹಡಗು ಬೇಡ, ಸೇತುವೆಯಿಂದ ನೇರ ದಕ್ಕೆಗಿಳಿಸುವ ಹಡಗು ನೋಡಿಕೊಳ್ಳಬೇಕು. ನೀರು ಕಂಡರೆ ನಿಲ್ಲದ ಮಗುವಾದರೆ ಈಜುಕೊಳದ ಹಡಗೂ ಬೇಡ, ಲಗೂನೂ ಬೇಡ, ಮಲೆನಾಡು ಇದೆ. ಮುಂಗೈ ಮುರಿದು ಎರಡು ಮೂರು ವಾರವಾಗಿ, ಎಕ್ಸ್‌ರೇ ಸರಿಯಿದ್ದು, ವೈದ್ಯರು ಚೀಟಿ ಕೊಟ್ಟು, ಪಕ್ಕದಲ್ಲಿ ಸದಾ ಒಬ್ಬರು ಇರುವಂತಿದ್ದರೆ ಟಿಕೆಟ್ ರದ್ದು ಮಾಡುವ ಕಾರಣವಿಲ್ಲ. ಕೆಳ ಬರ್ತು ಕೇಳಿ ಪಡೆಯಿರಿ, ಬೆರಳಿನ ಬಣ್ಣವನ್ನು ಬೆಳಿಗ್ಗೆ ರಾತ್ರಿ ನೋಡಿ, ಮಗು ಮೆಟ್ಟಿಲಿಗೆ ಮುಖ ಮಾಡಿ ಇಳಿಯಲಿ.